ಜಟ್ಟಿಯ ಮೀಸೆ ಮತ್ತು ಜಟ್ಟಿಯ ಬೆನ್ನು

‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಸೋತಮೇಲೂ ಸೋಲನ್ನು ಒಪ್ಪದ ಹಠಮಾರಿಗಳನ್ನು ಹಾಸ್ಯಮಾಡಲು ಈ ಮಾತನ್ನು ಬಳಸುತ್ತೇವೆ. ಮೂರು ದಶಕಗಳ ನನ್ನ ಅಧ್ಯಾಪನ ವೃತ್ತಿಯಲ್ಲಿ ಗಾದೆಗಳ ವಿಸ್ತರಣೆ ಬರೆಸುವಾಗಲೆಲ್ಲ ಇದನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ, ಮಕ್ಕಳು ನಕ್ಕಿದ್ದಾರೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಆ ಜಟ್ಟಿಗೆ ಏಟಾಯ್ತಾ?’ ಎಂದು ಕೇಳಿದ. ತರಗತಿ ಮತ್ತಷ್ಟು ನಕ್ಕಿತು. ಗಾದೆಯಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ. ಗಾದೆ ಕಟ್ಟಿದ ಜನ ಮೀಸೆಯನ್ನು ನೋಡಿದರು, ಬೆನ್ನನ್ನು ನೋಡಲಿಲ್ಲ.

ಈ ಲೇಖನದ ವಿಷಯ ಅದೇ ಬೆನ್ನು. ಅದನ್ನು ವಿವರಿಸಲು ನಾನು ಮೈಸೂರಿನಿಂದ ಕೆನಡಾದವರೆಗೆ ಹೋಗಬೇಕಾಗಿದೆ. ಓದುಗರು ದಯಮಾಡಿ ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬರಬೇಕು.

ಕೇಬಲ್ ಟೀವಿ ನಮ್ಮ ಜಯನಗರ, ಬನಶಂಕರಿಗಳ ಮನೆಗಳನ್ನು ಹೊಕ್ಕಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಅದರ ಬೆನ್ನಿಗೇ ಅಮೆರಿಕದ ವೃತ್ತಿಪರ ಕುಸ್ತಿ ಬಂದಿತು. ಆಗ ಅದರ ಹೆಸರು ಡಬ್ಲ್ಯುಡಬ್ಲ್ಯುಎಫ್. ವನ್ಯಜೀವಿ ಸಂರಕ್ಷಣೆಯ ಸಂಸ್ಥೆಯೊಂದು ಅದೇ ಅಕ್ಷರಗಳಿಗಾಗಿ ನ್ಯಾಯಾಲಯದಲ್ಲಿ ಗೆದ್ದಮೇಲೆ 2002ರಲ್ಲಿ ಡಬ್ಲ್ಯುಡಬ್ಲ್ಯುಇ ಎಂದಾಯಿತು. ಶಾಲೆಯ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಆ ಜಟ್ಟಿಗಳ ಚಿತ್ರವಿದ್ದ ಟ್ರಂಪ್ ಕಾರ್ಡುಗಳು ಮಾರಾಟಕ್ಕೆ ಬಂದವು. ಪ್ರತಿ ಕಾರ್ಡಿನ ಮೇಲೂ ಎತ್ತರ, ತೂಕ, ಎದೆಯ ಸುತ್ತಳತೆ, ತೋಳಿನ ಸುತ್ತಳತೆ, ಆಡಿದ ಪಂದ್ಯಗಳು, ಗೆದ್ದ ಪಂದ್ಯಗಳು, ಕೊನೆಗೆ ರ‍್ಯಾಂಕು. ವಿಜಯನಗರದ ನಾಲ್ಕು ವಂಶಗಳ ಹೆಸರನ್ನು ಅನುಕ್ರಮವಾಗಿ ಹೇಳಲು ತಡವರಿಸುತ್ತಿದ್ದ ಹುಡುಗರು ಮೂವತ್ತು ಜಟ್ಟಿಗಳ ತೂಕವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಕೆನಡಾದಲ್ಲಿ ಕ್ಯಾಲ್ಗರಿ ಎಂಬ ಊರಿದೆ ಎಂಬುದನ್ನು ನನ್ನ ಶಾಲೆಯ ಮಕ್ಕಳಿಗೆ ಭೂಗೋಳದ ಪುಸ್ತಕ ಹೇಳಲಿಲ್ಲ. ಬ್ರೆಟ್ ಹಾರ್ಟ್ ಎಂಬ ಜಟ್ಟಿ ಹೇಳಿದ. ಗುಲಾಬಿ ಮತ್ತು ಕಪ್ಪು ಬಣ್ಣದ ಉಡುಪು ತೊಟ್ಟು, ಒದ್ದೆಯಾದ ಉದ್ದ ಕೂದಲು ಬಿಟ್ಟುಕೊಂಡು, ತನ್ನ ಕಪ್ಪು ಕನ್ನಡಕವನ್ನು ಮುಂದಿನ ಸಾಲಿನ ಮಗುವೊಂದಕ್ಕೆ ತೊಡಿಸಿ ಕಣಕ್ಕಿಳಿಯುತ್ತಿದ್ದ ಆತನ ಅಭಿಮಾನಿಗಳು ಪ್ರತಿ ತರಗತಿಯಲ್ಲೂ ನಾಲ್ಕಾರು ಜನರಿದ್ದರು.

ಪಾಲಕರ ಸಭೆಯಲ್ಲಿ ತಂದೆತಾಯಂದಿರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಅದೆಲ್ಲಾ ಸುಳ್ಳಲ್ವಾ ಮೇಷ್ಟ್ರೇ? ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡಿಕೊಂಡಿರ್ತಾರಂತೆ. ಈ ಹುಡುಗರಿಗೆ ಅಷ್ಟೂ ತಿಳಿಯಲ್ವಾ?’ ಮೊದಲೇ ಮಾತಾಡಿಕೊಂಡಿರುತ್ತಾರೆ ಎಂಬುದು ದಿಟ. ಹುಡುಗರಿಗೂ ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಅದು ತಿಳಿದಿರುತ್ತಿತ್ತು. ಆದರೆ ‘ಸುಳ್ಳು’ ಎಂಬ ಒಂದು ಪದವನ್ನು ಉಚ್ಚರಿಸಿದ ಕೂಡಲೇ ನಾವು ಹಿರಿಯರು ಆ ವಿಷಯವನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆವು. ಆ ಪದದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ಯೋಚಿಸುವವರು ಕಡಿಮೆ. ನನ್ನ ಅಭಿಮತ ಇಷ್ಟು: ಫಲಿತಾಂಶ ಸುಳ್ಳಾಗಿರಬಹುದು, ಬೀಳುವ ದೇಹ ಸುಳ್ಳಲ್ಲ, ಆ ದೇಹದ ಹೊಣೆ ಯಾರದು ಎಂದು ಕೇಳದಿರುವುದೇ ಕುಸ್ತಿಯಲ್ಲಿರುವ ದೊಡ್ಡ ವಂಚನೆ. ಇದು ಕ್ಯಾಲ್ಗರಿಗೂ ಸಲ್ಲುತ್ತದೆ, ನಮ್ಮ ಊರ ಜಾತ್ರೆಯ ಕಣಕ್ಕೂ ಸಲ್ಲುತ್ತದೆ.

ಮೊದಲು ಬ್ರೆಟ್ ಹಾರ್ಟ್‌ನ ಕಥೆ. ಆತ ಹುಟ್ಟಿದ್ದು 1957ರ ಜುಲೈ 2ರಂದು, ಕ್ಯಾಲ್ಗರಿಯಲ್ಲಿ. ಸ್ಟೂ ಹಾರ್ಟ್ ಮತ್ತು ಹೆಲೆನ್ ದಂಪತಿಗಳ ಹನ್ನೆರಡು ಮಕ್ಕಳಲ್ಲಿ ಎಂಟನೆಯವನು. ತಂದೆ ಸ್ಟೂ ಯೌವನದಲ್ಲಿ ಹವ್ಯಾಸಿ ಕುಸ್ತಿಪಟು. ಎರಡನೆಯ ಮಹಾಯುದ್ಧದಿಂದಾಗಿ ಒಲಿಂಪಿಕ್ಸ್ ಕನಸು ಕೈತಪ್ಪಿದಮೇಲೆ ವೃತ್ತಿಕುಸ್ತಿಗೆ ಇಳಿದು, 1948ರಲ್ಲಿ ತನ್ನದೇ ಒಂದು ಕುಸ್ತಿ ಮಂಡಳಿಯನ್ನು ಕಟ್ಟಿದವನು. ಆ ಮನೆಯ ನೆಲಮಾಳಿಗೆಯೇ ಅವನ ಗರಡಿ. ಬಂದ ಹುಡುಗರನ್ನು ಅಲ್ಲಿ ನೆಲಕ್ಕೆ ಒತ್ತಿ, ಕೀಲುಗಳನ್ನು ತಿರುಚಿ, ನೋವೆಂದರೇನೆಂದು ತಿಳಿಸಿಕೊಡುತ್ತಿದ್ದನಂತೆ. ಅದನ್ನು ‘ಕತ್ತಲಕೋಣೆ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಎಂಟು ಗಂಡುಮಕ್ಕಳೂ ಒಂದಲ್ಲ ಒಂದು ಬಗೆಯಲ್ಲಿ ಕುಸ್ತಿಯ ಉದ್ಯಮಕ್ಕೇ ಬಂದರು. ನಾಲ್ವರು ಹೆಣ್ಣುಮಕ್ಕಳು ಜಟ್ಟಿಗಳನ್ನೇ ಮದುವೆಯಾದರು.

ನಮ್ಮ ಮೈಸೂರಿನ ಗರಡಿಮನೆಗಳನ್ನು ನೋಡಿದವರಿಗೆ ಈ ವರ್ಣನೆ ಅಪರಿಚಿತವೆನಿಸದು. ತಗ್ಗು ಬಾಗಿಲಿನ ಸಣ್ಣ ಮನೆ, ಒಳಗೆ ಕೆಮ್ಮಣ್ಣಿನ ಮಟ್ಟಿ, ಅದಕ್ಕೆ ಬೆರೆಸಿದ ಎಣ್ಣೆ, ಅರಿಸಿನ, ನಿಂಬೆಯ ವಾಸನೆ, ಗೋಡೆಯ ಮೇಲೆ ಹನುಮಂತನ ಪಟ, ಮೂಲೆಯಲ್ಲಿ ಗದೆ. ಬೆಳಗಿನ ಜಾವದಲ್ಲಿ ಎದ್ದು ಬಂದು ದಂಡ, ಬಸ್ಕಿ ಹೊಡೆಯುವ ಹುಡುಗರು, ಮಾತಿಗಿಂತ ಕೈಯಿಂದಲೇ ಹೆಚ್ಚು ಪಾಠ ಹೇಳುವ ಉಸ್ತಾದರು. ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಸಾಗಿಬರುವ ವಿದ್ಯೆ. ಕ್ಯಾಲ್ಗರಿಯ ನೆಲಮಾಳಿಗೆಯಲ್ಲಿ ಮಣ್ಣಿರಲಿಲ್ಲ, ಹನುಮಂತನೂ ಇರಲಿಲ್ಲ. ಉಳಿದದ್ದೆಲ್ಲ ಹೆಚ್ಚು ಕಡಿಮೆ ಒಂದೇ.

ಬ್ರೆಟ್ 1978ರಲ್ಲಿ ತಂದೆಯ ಮಂಡಳಿಯಲ್ಲಿ ಕಣಕ್ಕಿಳಿದ. 1984ರಲ್ಲಿ ಅಮೆರಿಕದ ದೊಡ್ಡ ಕಂಪನಿ ಆ ಮಂಡಳಿಯನ್ನು ಕೊಂಡುಕೊಂಡಾಗ ಮಗನೂ ಅಲ್ಲಿಗೆ ಹೋದ. ಎಂಟು ವರ್ಷ ಬಹುಪಾಲು ಜೋಡಿ ಕುಸ್ತಿಗಳಲ್ಲಿ ಮತ್ತು ಎರಡನೆಯ ಸಾಲಿನ ಪಂದ್ಯಗಳಲ್ಲಿ ಬೆವರು ಸುರಿಸಿದಮೇಲೆ, 1992ರ ಅಕ್ಟೋಬರ್ 12ರಂದು ಕೆನಡಾದ ಸ್ಯಾಸ್ಕಟೂನ್‌ನಲ್ಲಿ ರಿಕ್ ಫ್ಲೇರ್‌ನನ್ನು ಸೋಲಿಸಿ ಚಾಂಪಿಯನ್ ಪಟ್ಟಕ್ಕೇರಿದ. ಅದು ತಂದೆ ಹುಟ್ಟಿದ ಊರು. ಒಟ್ಟು ಐದು ಬಾರಿ ಆ ಪಟ್ಟ ಅವನದಾಯಿತು. ದೈತ್ಯಾಕಾರದವರಿಗೇ ಮಣೆ ಹಾಕುತ್ತಿದ್ದ ಆ ಉದ್ಯಮದಲ್ಲಿ ಮಧ್ಯಮ ಗಾತ್ರದ ಈತ ಮೇಲೆ ಬಂದದ್ದು ಪಟ್ಟುಗಳ ಅಚ್ಚುಕಟ್ಟಿನಿಂದ. ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತೊಂದಿದೆ: ತನ್ನ ವೃತ್ತಿಜೀವನದಲ್ಲಿ ಎದುರಾಳಿ ಯಾರಿಗೂ ಗಂಭೀರವಾದ ಗಾಯ ಮಾಡಲಿಲ್ಲ ಎಂದು. ಯೋಚಿಸಿ ನೋಡಿದರೆ ಇದು ಸಣ್ಣ ಮಾತಲ್ಲ. ಎದುರಾಳಿಯನ್ನು ಎತ್ತಿ ಕೆಡಹುವವನು ಕೆಡಹುವ ಕ್ಷಣದಲ್ಲಿ ಅವನ ಕತ್ತನ್ನು ಕಾಪಾಡುತ್ತಾನೆ. ಬೀಳುವವನು ತನ್ನ ದೇಹವನ್ನು ಅವನ ಕೈಗೆ ನಂಬಿ ಒಪ್ಪಿಸುತ್ತಾನೆ. ಪ್ರೇಕ್ಷಕರಿಗೆ ಕಾಣುವುದು ದ್ವೇಷ, ಒಳಗೆ ನಡೆಯುವುದು ವಿಶ್ವಾಸದ ವ್ಯವಹಾರ. ಇದನ್ನು ಸುಳ್ಳೆನ್ನುವುದಾದರೆ ಇಂತಹ ಸುಳ್ಳಿಗೆ ಬಹಳ ಶಿಸ್ತು ಬೇಕು.

1997ರಲ್ಲಿ ಒಂದು ವಿಚಿತ್ರ ನಡೆಯಿತು. ಕಥೆಗಾರರು ಬ್ರೆಟ್‌ನನ್ನು ಅಮೆರಿಕದಲ್ಲಿ ಖಳನನ್ನಾಗಿಯೂ ಕೆನಡಾದಲ್ಲಿ ನಾಯಕನನ್ನಾಗಿಯೂ ಮಾಡಿದರು. ಅದೇ ಮನುಷ್ಯ, ಅದೇ ಪಟ್ಟುಗಳು. ಗಡಿಯ ಈಚೆ ಧಿಕ್ಕಾರ, ಆಚೆ ಜಯಘೋಷ. ನನಗೆ ಇದನ್ನು ತಿಳಿದಾಗ ನೆನಪಾದದ್ದು ಕೆ.ವಿ. ಅಯ್ಯರ್ ಅವರ ‘ರೂಪದರ್ಶಿ’. ಬಾಲ ಯೇಸುವಿನ ಚಿತ್ರಕ್ಕೆ ರೂಪದರ್ಶಿಯಾಗಿದ್ದ ಮಗುವೇ ಮುಂದೆ ಬೆಳೆದು ದ್ರೋಹಿ ಜೂದಾಸನ ಚಿತ್ರಕ್ಕೂ ರೂಪದರ್ಶಿಯಾಗುವ ಆ ಕಾದಂಬರಿಯನ್ನು ನನ್ನ ತಲೆಮಾರಿನ ಅಧ್ಯಾಪಕರು ಮರೆತಿರಲಾರರು. ಅದನ್ನು ಬರೆದ ಅಯ್ಯರ್ ಅವರೇ ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹರ್ಕ್ಯುಲಿಸ್ ಜಿಮ್ನಾಷಿಯಂ ಎಂಬ ವ್ಯಾಯಾಮಶಾಲೆ ನಡೆಸಿದ, ಅಂಗಸಾಧನೆಯಲ್ಲಿ ದೇಶಕ್ಕೇ ಹೆಸರಾದ ದೇಹದಾರ್ಢ್ಯಪಟು ಎಂಬುದು ಈಗಿನ ಹುಡುಗರಿಗೆ ತಿಳಿಯದು. ತೋಳಿನ ಸುತ್ತಳತೆಯನ್ನು ಬಲ್ಲವರು ಮನಸ್ಸಿನ ಆಳವನ್ನೂ ಬಲ್ಲವರಾಗಿದ್ದರು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಅದೇ ವರ್ಷ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ನಡೆದ ಪಂದ್ಯವನ್ನು ಕುಸ್ತಿಯ ಅಭಿಮಾನಿಗಳು ಇಂದಿಗೂ ಚರ್ಚಿಸುತ್ತಾರೆ. ಬ್ರೆಟ್ ಆ ಕಂಪನಿಯನ್ನು ಬಿಟ್ಟು ಬೇರೊಂದಕ್ಕೆ ಹೊರಟಿದ್ದ. ಸ್ವದೇಶದ ನೆಲದಲ್ಲಿ ಶಾನ್ ಮೈಕಲ್ಸ್ ಎದುರು ಸೋತು ಪಟ್ಟ ಬಿಟ್ಟುಕೊಡಲು ಅವನು ಒಪ್ಪಿರಲಿಲ್ಲ. ಪಂದ್ಯ ನಿರ್ಣಯವಿಲ್ಲದೆ ಮುಗಿಯುವುದೆಂದು ಮಾತಾಗಿತ್ತು. ಆದರೆ ಬ್ರೆಟ್ ಎದುರಾಳಿಯ ಪಟ್ಟಿನಲ್ಲಿದ್ದಾಗ, ಅವನು ಸೋಲೊಪ್ಪದಿದ್ದರೂ, ಕಂಪನಿಯ ಒಡೆಯ ವಿನ್ಸ್ ಮೆಕ್‌ಮಹನ್ ಗಂಟೆ ಬಾರಿಸಲು ಆಜ್ಞೆ ಮಾಡಿದ. ಎಲ್ಲವೂ ಮೊದಲೇ ಮಾತಾದ ಆಟದಲ್ಲಿ ಒಡೆಯನೇ ಮಾತಿಗೆ ತಪ್ಪಿದ. ‘ಎಲ್ಲ ಸುಳ್ಳು’ ಎನ್ನುವ ನಮ್ಮ ಪಾಲಕರು ಇದನ್ನು ಏನೆಂದು ಕರೆಯುವರು? ಸುಳ್ಳಾಟದ ನಡುವೆ ನಡೆದ ಈ ಮೋಸ ಮಾತ್ರ ಪೂರ್ತಿ ನಿಜವಾಗಿತ್ತು.

ಮುಂದಿನದು ಇನ್ನೂ ಕಠೋರ. ಬ್ರೆಟ್‌ನ ಕಿರಿಯ ತಮ್ಮ, ಮನೆಯ ಕೊನೆಯ ಮಗ ಓವನ್ ಹಾರ್ಟ್ ಅದೇ ಕಂಪನಿಯಲ್ಲಿ ಉಳಿದಿದ್ದ. 1999ರ ಮೇ 23ರಂದು ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ, ಹಾಸ್ಯ ವೇಷವೊಂದನ್ನು ತೊಟ್ಟು ಸಭಾಂಗಣದ ಛಾವಣಿಯಿಂದ ಹಗ್ಗದ ಮೂಲಕ ಕಣಕ್ಕೆ ಇಳಿಯಬೇಕಿತ್ತು. ಕೊಂಡಿ ಬಿಚ್ಚಿಕೊಂಡು ಸುಮಾರು 78 ಅಡಿ ಎತ್ತರದಿಂದ ಕೆಳಗೆ ಬಿದ್ದ. ಆಗ ಅವನಿಗೆ 34 ವರ್ಷ. ಹೆಂಡತಿ, ಇಬ್ಬರು ಮಕ್ಕಳು. ಅವನನ್ನು ಆಸ್ಪತ್ರೆಗೆ ಒಯ್ದಮೇಲೆ ಕಾರ್ಯಕ್ರಮ ಮುಂದುವರಿಯಿತು. ಸಾವಿನ ಸುದ್ದಿ ಬಂದಮೇಲೂ ನಿಲ್ಲಲಿಲ್ಲ. ಪತ್ನಿ ಮಾರ್ಥಾ ಹಾರ್ಟ್ ನ್ಯಾಯಾಲಯಕ್ಕೆ ಹೋದರು. 2000ದಲ್ಲಿ ಸುಮಾರು 1 ಕೋಟಿ 80 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಆ ಹಣದ ಒಂದು ಭಾಗದಿಂದ ಆಕೆ ಗಂಡನ ಹೆಸರಿನಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದ್ದಾರೆ.

ಬ್ರೆಟ್‌ನ ವೃತ್ತಿಜೀವನವೂ ಅದೇ ವರ್ಷ ಹೆಚ್ಚುಕಡಿಮೆ ಮುಗಿಯಿತು. ಡಿಸೆಂಬರ್ 19ರ ಪಂದ್ಯದಲ್ಲಿ ಗೋಲ್ಡ್‌ಬರ್ಗ್ ಎಂಬಾತನ ಕಾಲೇಟು ತಲೆಗೆ ಬಿದ್ದು ಮಿದುಳಿಗೆ ಪೆಟ್ಟಾಯಿತು. 2000ದಲ್ಲಿ ನಿವೃತ್ತನಾದ. 2002ರ ಜೂನ್‌ನಲ್ಲಿ ಸೈಕಲ್ಲಿನಿಂದ ಬಿದ್ದು ಪಾರ್ಶ್ವವಾಯುವಿಗೆ ತುತ್ತಾಗಿ ಎಡಭಾಗದ ಸ್ವಾಧೀನ ತಪ್ಪಿತು. ತಿಂಗಳುಗಟ್ಟಲೆ ಚಿಕಿತ್ಸೆಯ ನಂತರ ನಡೆಯುವಂತಾದ. ಎದುರಾಳಿಗಳ ಕತ್ತನ್ನು ಅಷ್ಟು ವರ್ಷ ಕಾಪಾಡಿದವನ ತಲೆಯನ್ನು ಯಾರೂ ಕಾಪಾಡಲಿಲ್ಲ. ನಮ್ಮ ಹುಡುಗರ ಟ್ರಂಪ್ ಕಾರ್ಡಿನ ಮೇಲೆ ಅವನ ಎದೆಯ ಸುತ್ತಳತೆ ಇತ್ತು, ಈ ಯಾವ ಲೆಕ್ಕವೂ ಇರಲಿಲ್ಲ.

ಈಗ ‘ಸುಳ್ಳು’ ಎಂಬ ಪದದ ಬೆಲೆಗೆ ಬರೋಣ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ಆ ಕಂಪನಿಯೇ ತಾನು ನಡೆಸುವುದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ದಶಕಗಳಿಂದ ಗುಟ್ಟಾಗಿ ಕಾಪಾಡಿಕೊಂಡು ಬಂದ ಸಂಗತಿಯನ್ನು ಒಡೆಯರೇ ಬಯಲು ಮಾಡಿದ್ದೇಕೆ? ಸತ್ಯಪ್ರೇಮದಿಂದಲ್ಲ. ಕ್ರೀಡೆ ಎಂದಾದರೆ ಕ್ರೀಡಾ ಆಯೋಗದ ಪರವಾನಗಿ, ನಿಯಂತ್ರಣ, ತೆರಿಗೆ ಎಲ್ಲವೂ ಅನ್ವಯಿಸುತ್ತವೆ; ಮನರಂಜನೆ ಎಂದಾದರೆ ಅವುಗಳಿಂದ ಬಿಡುಗಡೆ. ಹಾಗೆಂದು ನಾಟಕದ ನಟರಿಗಿರುವ ಸಂಘದ ರಕ್ಷಣೆಯಾದರೂ ಜಟ್ಟಿಗಳಿಗೆ ದೊರೆಯಿತೇ? ಅದೂ ಇಲ್ಲ. ಕಂಪನಿಯ ಕಾಗದಪತ್ರಗಳಲ್ಲಿ ಅವರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಆಟಗಾರರೂ ಅಲ್ಲ, ನಟರೂ ಅಲ್ಲ, ನೌಕರರೂ ಅಲ್ಲ; ತ್ರಿಶಂಕುವಿನ ಸ್ಥಿತಿ. ಕುರ್ಚಿಯಿಂದ ತಲೆಗೆ ಹೊಡೆಯುವುದನ್ನು ಕಂಪನಿ ನಿಷೇಧಿಸಿದ್ದು 2010ರಲ್ಲಿ. ಅಷ್ಟರಲ್ಲಿ ಕೆನಡಾದವನೇ ಆದ ಮತ್ತೊಬ್ಬ ಪ್ರಸಿದ್ಧ ಜಟ್ಟಿ ಕ್ರಿಸ್ ಬೆನ್ವಾನ ಮಿದುಳು ಪೆಟ್ಟುಗಳಿಂದ ಎಷ್ಟು ಹಾಳಾಗಿತ್ತೆಂಬುದು 2007ರಲ್ಲಿ, ಅವನ ಭೀಕರ ಅಂತ್ಯದ ನಂತರ, ವೈದ್ಯರ ಪರೀಕ್ಷೆಯಿಂದ ಜಗತ್ತಿಗೆ ತಿಳಿದಿತ್ತು. ಹೀಗೆ ‘ಸುಳ್ಳು’ ಎಂಬ ಪದ ಮೊದಲು ಲಾಭ ತಂದುಕೊಟ್ಟದ್ದು ಒಡೆಯನಿಗೆ. ಅದೇ ಪದವನ್ನು ನಾವು ಜಯನಗರದ ಬೈಠಕ್‌ಖಾನೆಗಳಲ್ಲಿ ಕುಳಿತು ಪುನರುಚ್ಚರಿಸುತ್ತೇವೆ.

‘ಅದು ಅಮೆರಿಕದ ಮಾತಾಯಿತು, ನಮ್ಮ ಕುಸ್ತಿ ನಿಜವಾದ ಕುಸ್ತಿ’ ಎನ್ನುವವರಿದ್ದಾರೆ. ಅವರ ಅಭಿಮಾನವನ್ನು ನಾನು ಗೌರವಿಸುತ್ತೇನೆ. ಮೈಸೂರಿನ ದಸರಾ ಕುಸ್ತಿಯನ್ನು ದೊಡ್ಡಕೆರೆ ಮೈದಾನದಲ್ಲಿ ಕುಳಿತು ನೋಡಿದ ಯಾರಿಗೂ ಆ ಅಭಿಮಾನ ಬರದಿರದು. ವಾರಗಳ ಮೊದಲೇ ಜೋಡಿ ಕಟ್ಟುತ್ತಾರೆ. ಸರಿಸಮಾನರನ್ನು ಎದುರುಬದುರು ನಿಲ್ಲಿಸುವುದೇ ಒಂದು ವಿದ್ಯೆ. ಬಿಡುಗಣ್ಣಾಗಿ ನೋಡುವ ಜನರ ನಡುವೆ, ಒಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೂ ಬಿಡದ ಮಾರ್ಫಿಟ್ ಕುಸ್ತಿ ನಡೆಯುತ್ತದೆ. ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ, ದಸರಾ ಕಿಶೋರಿ ಎಂಬ ಬಿರುದುಗಳಿಗಾಗಿ ನಾಡಿನ ಮೂಲೆಮೂಲೆಗಳಿಂದ ಹುಡುಗ ಹುಡುಗಿಯರು ಬರುತ್ತಾರೆ. ಗದೆಯನ್ನು ಹೆಗಲ ಮೇಲಿಟ್ಟುಕೊಂಡು ಸುತ್ತುಬರುವ ವಿಜೇತನ ಮುಖ ನೋಡುವುದೇ ಒಂದು ಸೊಗಸು.

ಆದರೆ ನಿಜ ಮತ್ತು ಸುಳ್ಳಿನ ಗೆರೆ ನಾವು ಎಣಿಸಿದಷ್ಟು ನೇರವಾಗಿಲ್ಲ. ಮೊದಲೇ ಮಾತಾಡಿಕೊಂಡ ಪಂದ್ಯವನ್ನು ‘ನೂರಾ ಕುಸ್ತಿ’ ಎಂದು ಕರೆಯುವುದು ನಮ್ಮ ದೇಶದ ಅಖಾಡಗಳಲ್ಲೇ ಹುಟ್ಟಿದ ರೂಢಿ. ಇನ್ನೊಂದು ಉದಾಹರಣೆ ಕೊಡುತ್ತೇನೆ. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ಅಂಗಳದಲ್ಲಿ ಜಟ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮುಳ್ಳುಳ್ಳ ವಜ್ರಮುಷ್ಟಿಯನ್ನು ತೊಟ್ಟು ಸೆಣಸುತ್ತಾರೆ. ಮೊದಲ ರಕ್ತದ ಹನಿ ಕಂಡೊಡನೆ ಕಾಳಗ ಮುಗಿಯುತ್ತದೆ. ಅದು ಎಲ್ಲಿ ಮುಗಿಯಬೇಕೆಂಬುದು ಮೊದಲೇ ಒಪ್ಪಿಗೆಯಾದ ಸಂಗತಿ. ಹಾಗೆಂದು ಅದನ್ನು ಸುಳ್ಳೆಂದು ಯಾರಾದರೂ ಹೇಳುವರೇ? ರಕ್ತವಂತೂ ನಿಜ. ಇಲ್ಲಿ ನಮ್ಮ ಪೂರ್ವಿಕರ ವಿವೇಕವೊಂದು ಕಾಣುತ್ತದೆ: ಹೊಡೆತಕ್ಕೆ ಒಂದು ಮಿತಿ ಇರಲಿ, ಆ ಮಿತಿ ಮೊದಲೇ ಗೊತ್ತಾಗಿರಲಿ ಎಂಬುದು. ಅಷ್ಟೇ ಅಲ್ಲ, ಹಿಂದಿನ ಜಟ್ಟಿಗಳು ಮೂಳೆ ಕೂಡಿಸುವ ನಾಟಿವೈದ್ಯಕ್ಕೂ ಹೆಸರಾಗಿದ್ದರು. ಮುರಿಯಬಲ್ಲ ಕೈಗೆ ಕೂಡಿಸುವ ವಿದ್ಯೆಯೂ ತಿಳಿದಿರಬೇಕೆಂಬ ಕಟ್ಟಳೆ ಎಷ್ಟು ಸೊಗಸಾದದ್ದು! ಇಂದು ನಮ್ಮ ಎಷ್ಟೋ ಊರುಗಳ ಜಾತ್ರೆಗಳಲ್ಲಿ ಕುಸ್ತಿಯ ಭಿತ್ತಿಪತ್ರದ ಮೇಲೆ ಇನಾಮಿನ ಮೊತ್ತ ದಪ್ಪಕ್ಷರದಲ್ಲಿರುತ್ತದೆ. ಕಣದ ಪಕ್ಕದಲ್ಲಿ ವೈದ್ಯರೊಬ್ಬರು ಇರುವರೆಂಬ ಸಾಲನ್ನು ನಾನು ಕಂಡಿಲ್ಲ.

ನನ್ನ ವಿದ್ಯಾರ್ಥಿಯೊಬ್ಬನ ವಿಷಯ ಹೇಳುತ್ತೇನೆ, ಹೆಸರು ಬೇಡ. ಅವನ ತಂದೆ ಪೇಟೆಯ ಗರಡಿಯೊಂದರಲ್ಲಿ ಬೆಳೆದವರು. ಮನೆಯನ್ನು ಬನಶಂಕರಿಯ ಕಡೆಗೆ ಬದಲಾಯಿಸಿದಮೇಲೂ ಮಗನನ್ನು ಬೆಳಗಿನ ಜಾವದಲ್ಲಿ ಸೈಕಲ್ ಮೇಲೆ ಅದೇ ಗರಡಿಗೆ ಕರೆದೊಯ್ಯುತ್ತಿದ್ದರು. ಹುಡುಗ ಮೊದಲ ಪೀರಿಯಡ್ಡಿನಲ್ಲಿ ಮೈಯಿಂದ ಎಣ್ಣೆ, ಮಣ್ಣಿನ ವಾಸನೆ ಸೂಸುತ್ತಾ, ಕಣ್ಣು ಬಿಡಲಾಗದೆ ತೂಕಡಿಸುತ್ತಿದ್ದ. ಹತ್ತನೆಯ ತರಗತಿಯಲ್ಲಿ ಎರಡು ವಿಷಯಗಳಲ್ಲಿ ಉತ್ತೀರ್ಣನಾಗಲಿಲ್ಲ. ಮತ್ತೆ ಪರೀಕ್ಷೆಗೆ ಕಟ್ಟಲೂ ಇಲ್ಲ. ಆರೇಳು ವರ್ಷ ಜಾತ್ರೆಗಳ ಕುಸ್ತಿಯಲ್ಲಿ ಒಳ್ಳೆಯ ಹೆಸರು ಮಾಡಿದ. ಒಂದು ಕಣದಲ್ಲಿ ಮೊಣಕಾಲು ತಿರುಚಿಕೊಂಡಿತು. ಗೆದ್ದವನಿಗೆ ಇನಾಮು, ಹಾರ, ಮೆರವಣಿಗೆ. ಇವನಿಗೆ ಬಸ್ ಚಾರ್ಜು. ಶಸ್ತ್ರಚಿಕಿತ್ಸೆಗೆ ತಾಯಿಯ ಬಳೆಗಳು ಹೋದವು.

ಬಹಳ ವರ್ಷಗಳ ಮೇಲೆ ಜಯನಗರ 4ನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಕುಂಟು ಚೆನ್ನಾಗಿಯೇ ಕಾಣುತ್ತಿತ್ತು. ‘ಗರಡೀಲಿ ಬೀಳೋದು ಹೆಂಗೆ ಅಂತ ಮೊದಲು ಹೇಳಿಕೊಟ್ರು ಸಾರ್. ಕಾಲು ಹೋದ್ಮೇಲೆ ಏನು ಮಾಡ್ಬೇಕು ಅಂತ ಉಸ್ತಾದ್ರಿಗೂ ಗೊತ್ತಿರಲಿಲ್ಲ ಪಾಪ’ ಎಂದ. ಉಸ್ತಾದರ ಮೇಲಾಗಲಿ, ಕುಸ್ತಿಯ ಮೇಲಾಗಲಿ ಅವನಿಗೆ ಕೋಪವಿರಲಿಲ್ಲ. ರಾತ್ರಿ ಪಾಳಿಯ ಕಾವಲು ಕೆಲಸ ಮಾಡುತ್ತಿದ್ದ. ಮಗನನ್ನು ಗರಡಿಗೆ ಕಳಿಸುತ್ತೀಯಾ ಎಂದು ಕೇಳಿದೆ. ‘ಕಳಿಸ್ತೀನಿ ಸಾರ್, ಆದ್ರೆ ಎಸ್ಸೆಸ್ಸೆಲ್ಸಿ ಮಾತ್ರ ಬಿಡಿಸಲ್ಲ’ ಎಂದ. ಕೆ.ವಿ. ಅಯ್ಯರ್ ಅವರ ಪ್ರಸ್ತಾಪಕ್ಕೆ ಮತ್ತೆ ಬರುತ್ತೇನೆಂದಿದ್ದೆ. ಅದರ ಕಾರಣ ಇದೇ.

ಕಣದಿಂದ ಹೊರಬಂದಮೇಲೂ ಗೌರವದಿಂದ ಬಾಳಿದ ಜಟ್ಟಿಗಳನ್ನು ನೋಡಿದರೆ ಅವರಿಗೆ ಎರಡನೆಯ ವಿದ್ಯೆಯೊಂದು ಇತ್ತೆಂಬುದು ಕಾಣುತ್ತದೆ. ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್ ಚಿತ್ರರಂಗಕ್ಕೆ ಬಂದು, 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ವೀರಬಾಹುವಾಗಿ ನಾಡಿನ ಮನೆಮಾತಾದರು, 1973ರಲ್ಲಿ ‘ಗಂಧದ ಗುಡಿ’ಯನ್ನು ನಿರ್ಮಿಸಿ ಕಾಡಿನ ರಕ್ಷಣೆಯ ಮಾತನ್ನು ಸಾಮಾನ್ಯ ಪ್ರೇಕ್ಷಕನಿಗೆ ತಲುಪಿಸಿದರು. ದಾರಾ ಸಿಂಗ್ ಅವರು ದೂರದರ್ಶನದ ರಾಮಾಯಣದಲ್ಲಿ ಹನುಮಂತನಾದದ್ದು ಎಲ್ಲರಿಗೂ ಗೊತ್ತು. ಅವರೊಡನೆ ಸೆಣಸಿದ ಕೆನಡಾದ ಜಾರ್ಜ್ ಗಾರ್ಡಿಯೆಂಕೊ ಎಂಬ ಜಟ್ಟಿ ಕುಸ್ತಿ ಬಿಟ್ಟಮೇಲೆ ಚಿತ್ರಕಲಾವಿದನಾಗಿ ಹೆಸರು ಮಾಡಿದ. ಬ್ರೆಟ್ ಹಾರ್ಟ್ ಕೂಡ ವ್ಯಂಗ್ಯಚಿತ್ರ ಬರೆಯುವವನು. ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು 2007ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದ. ಇವರೆಲ್ಲ ಅದೃಷ್ಟವಂತರು. ಹೆಸರಿಲ್ಲದ ಸಾವಿರಾರು ಜನರಿಗೆ ಎರಡನೆಯ ವಿದ್ಯೆಯನ್ನು ಕೊಡಬೇಕಾದ ಸ್ಥಳ ಯಾವುದು? ಶಾಲೆ. ಶಾಲೆಯಾದರೋ ಮೈಕಟ್ಟಿನ ಹುಡುಗನನ್ನು ಕ್ರೀಡಾದಿನದಂದು ಮುಂದಕ್ಕೂ ಉಳಿದ ದಿನಗಳಲ್ಲಿ ಹಿಂದಿನ ಬೆಂಚಿಗೂ ಕಳಿಸುವ ಪದ್ಧತಿಯನ್ನು ಇನ್ನೂ ಬಿಟ್ಟಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ನಮ್ಮ ರಾಜ್ಯದಲ್ಲಿ ಕಷ್ಟದಲ್ಲಿರುವ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುವ ವ್ಯವಸ್ಥೆಯನ್ನು ಸರ್ಕಾರ ಮಾಡಿದೆ. ಅಮೆರಿಕದ ಕಂಪನಿಗೆ ಹೊಳೆಯದ ಮಾತು ನಮ್ಮ ಸರ್ಕಾರಕ್ಕೆ ಹೊಳೆದದ್ದು ಸಂತೋಷ. ಆದರೆ ಮಾಸಾಶನ ಬರುವುದು ಬದುಕು ಬಾಗಿದ ಮೇಲೆ. ಬೀಳುವ ದಿನವೇ ಹಿಡಿಯುವ ಕೈ ಬೇಕು. ಒಲಿಂಪಿಕ್ಸ್ ಮಟ್ಟದ ‘ನಿಜ’ ಕುಸ್ತಿಯೂ ಇದಕ್ಕೆ ಹೊರತಲ್ಲ. 2023ರಲ್ಲಿ ದೇಶದ ಹೆಸರಾಂತ ಮಹಿಳಾ ಕುಸ್ತಿಪಟುಗಳು ತಮ್ಮ ಸುರಕ್ಷತೆಯ ಪ್ರಶ್ನೆಯನ್ನು ಹೊತ್ತು ದೆಹಲಿಯ ಜಂತರ್ ಮಂತರ್‌ನ ಪಾದಚಾರಿ ದಾರಿಯಲ್ಲಿ ಕುಳಿತದ್ದನ್ನು ನಾವು ನೋಡಿದೆವು. ಅವರಲ್ಲೊಬ್ಬರಾದ ವಿನೇಶ್ ಫೋಗಟ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಂತಿಮ ಪಂದ್ಯದ ಬೆಳಿಗ್ಗೆ 100 ಗ್ರಾಂ ತೂಕ ಹೆಚ್ಚಾಗಿ ಅನರ್ಹರಾದಾಗ ಇಡೀ ದೇಶ ಮರುಗಿತು. ಆ ನೂರು ಗ್ರಾಂ ಇಳಿಸಲು ರಾತ್ರಿಯಿಡೀ ಆ ದೇಹ ಪಟ್ಟ ಪಾಡನ್ನು ನೆನೆದವರು ಕೆಲವರು ಮಾತ್ರ. ಪದಕ ಕೈತಪ್ಪಿತೆಂಬುದೇ ದೊಡ್ಡ ಸುದ್ದಿಯಾಯಿತು. ಮತ್ತೆ ಮೀಸೆಯ ಮಾತೇ.

ಆದ್ದರಿಂದ ನನ್ನ ಸಲಹೆಗಳು ಮೂರು. ಜಾತ್ರೆ, ಉತ್ಸವಗಳಲ್ಲಿ ಕುಸ್ತಿ ಏರ್ಪಡಿಸುವ ಸಮಿತಿಗಳು ಇನಾಮಿನ ಹಣವನ್ನು ಸಂಗ್ರಹಿಸುವ ಮುನ್ನ ಕಣದ ಬಳಿ ಒಬ್ಬ ವೈದ್ಯರನ್ನೂ ಒಂದು ವಾಹನವನ್ನೂ ಗೊತ್ತುಮಾಡಲಿ. ಕಣಕ್ಕಿಳಿಯುವ ಪ್ರತಿಯೊಬ್ಬರಿಗೂ ಆ ದಿನದ ಮಟ್ಟಿಗಾದರೂ ವಿಮೆ ಮಾಡಿಸಲಿ. ಊರಿನವರು ಚಂದಾ ಕೊಡುವಾಗ ಇದನ್ನು ಕೇಳಿಯೇ ಕೊಡಲಿ. ಎರಡನೆಯದು, ಗರಡಿಗೆ ಅಥವಾ ಈಗ ಜೆ.ಪಿ. ನಗರ, ಬಿಟಿಎಂ ಬಡಾವಣೆಗಳ ಬೀದಿಬೀದಿಗಳಲ್ಲಿ ತಲೆಯೆತ್ತಿರುವ ಜಿಮ್ಮುಗಳಿಗೆ ಹೋಗುವ ಹುಡುಗನನ್ನು ಓದಿನಲ್ಲಿ ಹಿಂದೆಂದು ಶಾಲೆಗಳು ಕೈಬಿಡದಿರಲಿ. ಬೆಳಗಿನ ಜಾವ ನಾಲ್ಕಕ್ಕೆ ಏಳಬಲ್ಲ ಹುಡುಗನಿಗೆ ಶಿಸ್ತಿಲ್ಲವೆಂದು ಹೇಳುವ ಅಧಿಕಾರ ನಮಗಿಲ್ಲ; ಅವನಿಗೆ ಸಂಜೆಯ ಒಂದು ಗಂಟೆ ಪಾಠ ಹೇಳುವ ವ್ಯವಸ್ಥೆ ಮಾಡುವುದು ಯಾವ ಶಾಲೆಗೂ ಅಸಾಧ್ಯವಲ್ಲ.

ಮೂರನೆಯದು ತಂದೆತಾಯಂದಿರಿಗೆ. ಈಗ ಮಕ್ಕಳು ಟ್ರಂಪ್ ಕಾರ್ಡು ಬಿಟ್ಟು ಮೊಬೈಲಿನಲ್ಲಿ ಅದೇ ಕುಸ್ತಿಯನ್ನು ನೋಡುತ್ತಾರೆ. ಅವರ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ‘ಇದೆಲ್ಲ ಸುಳ್ಳು, ಆರಿಸು’ ಎಂದರೆ ಮಗು ಇನ್ನೊಂದು ಕೋಣೆಗೆ ಹೋಗಿ ನೋಡುತ್ತದೆ. ಅದರ ಬದಲು ‘ಅಷ್ಟು ಎತ್ತರದಿಂದ ಬಿದ್ದನಲ್ಲ, ಅವನನ್ನು ಹಿಡಿದವರು ಯಾರು? ನಾಳೆ ಅವನಿಗೆ ಬೆನ್ನು ನೋವು ಬಂದರೆ ದುಡ್ಡು ಕೊಡುವವರು ಯಾರು?’ ಎಂದು ಕೇಳಿ ನೋಡಿ. ಮಗು ಒಮ್ಮೆ ಆ ದಿಕ್ಕಿನಲ್ಲಿ ಯೋಚಿಸಲು ಕಲಿತರೆ, ನಾಳೆ ನಿಮ್ಮ ಬೀದಿಯಲ್ಲಿ ಸಾರುವೆ ಹತ್ತಿ ಬಣ್ಣ ಬಳಿಯುವವನನ್ನು ನೋಡಿದಾಗಲೂ, ಮ್ಯಾನ್‌ಹೋಲಿಗೆ ಇಳಿಯುವವನನ್ನು ನೋಡಿದಾಗಲೂ ಅದೇ ಪ್ರಶ್ನೆಯನ್ನು ಕೇಳುತ್ತದೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಶ್ರಮದ ಘನತೆಯ ಬಗ್ಗೆ ಎಷ್ಟೋ ಪುಟಗಳಿವೆ. ಈ ಒಂದು ಪ್ರಶ್ನೆ ಅವುಗಳಷ್ಟೇ ಕೆಲಸ ಮಾಡೀತೆಂದು ನಾನು ನಂಬಿದ್ದೇನೆ. ಹಿಂದಿನ ಬೆಂಚಿನಿಂದ ಎದ್ದು ‘ಆ ಜಟ್ಟಿಗೆ ಏಟಾಯ್ತಾ’ ಎಂದು ಕೇಳುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರನ್ನು ನೋಡಿ ನಗದಿರೋಣ.